ಚಕ್ರ ನೆಲ ಮುಟ್ಟಿದ ಮೇಲೆ

ಆಷಾಢ ಬಂತು ಅಂದ್ರೆ ಹಾಸನದ ಕಡೆ ಗಾಳಿಯದ್ದೇ ಕಾರುಬಾರು. ತೆಂಗಿನ ಗರಿ ಕಳಚಿ ಬೀಳುತ್ತದೆ. ಜೋಳದ ಹೊಲ ಒಂದೇ ಕಡೆಗೆ ವಾಲುತ್ತದೆ. ಮಕ್ಕಳು ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿಕೊಂಡು ಮೈದಾನಕ್ಕೆ ಓಡುತ್ತಾರೆ. ಈ ಸಲದ ಆಷಾಢದಲ್ಲಿ ನನ್ನ ಅಕ್ಕನ ಮಗಳೂ ಊರಿಗೆ ಬಂದಿದ್ದಳು. ಬೇರೆ ರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬಳೇ ಹಾರಿಸುವುದು, ಆಗಿದೆ. ಬಂದವಳು ಮೊದಲು ತೋರಿಸಿದ್ದು ಮೊಬೈಲಿನಲ್ಲಿದ್ದ ಒಂದು ಫೋಟೋ. ರನ್‌ವೇ ಪಕ್ಕದ ಹುಲ್ಲಿನಲ್ಲಿ ಒಂದು ಚಿಕ್ಕ ಸೆಸ್ನಾ ವಿಮಾನ ಮೂತಿ ಊರಿಕೊಂಡು ನಿಂತಿದೆ. ಮುಂದಿನ ಚಕ್ರ ಮುರಿದಿದೆ. ಪ್ರೊಪೆಲ್ಲರಿನ ಒಂದು ಅಲಗು ಹಿಂದಕ್ಕೆ ಸುರುಳಿಯಾಗಿದೆ. ಅವಳ ಬ್ಯಾಚಿನ ಹುಡುಗ ಒಬ್ಬನೇ ಹಾರಿಸುತ್ತಿದ್ದ ವಿಮಾನ. ಅವನಿಗೆ ಏನೂ ಆಗಿಲ್ಲ. ತಾನೇ ಬಾಗಿಲು ತೆಗೆದು ಇಳಿದು ಬಂದನಂತೆ.

"ಮಾವ, ಟವರ್‌ನವರು ಕೊಟ್ಟಿದ್ದು ಹತ್ತೇ ನಾಟ್ ಗಾಳಿ. ಅದೂ ಪೂರ್ತಿ ಅಡ್ಡ ಇರಲಿಲ್ಲ. ಪುಸ್ತಕದಲ್ಲಿ ಹದಿನೈದು ಅಂತ ಇದೆಯಲ್ಲ. ಮತ್ತೆ ಹೇಗಾಯ್ತು?"

ಟವರ್‌ನವರು ಅಂದರೆ ವಿಮಾನ ನಿಲ್ದಾಣದಿಂದ ರೇಡಿಯೋದಲ್ಲಿ ಪೈಲಟ್‌ಗೆ ಗಾಳಿಯ ಲೆಕ್ಕ ಹೇಳುವವರು. ನಾಟ್ ಅನ್ನುವುದು ವೇಗದ ಅಳತೆ. ನಾನು ಬಹಳ ವರ್ಷ ಚಿಕ್ಕ ವಿಮಾನಗಳಲ್ಲಿ ಪಾಠ ಹೇಳಿದವನು. ಈಗ ಊರಲ್ಲಿದ್ದೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅವಳಿಗೆ ಅವತ್ತು ಜಗಲಿ ಮೇಲೆ ಕೂತು ಹೇಳಿದ್ದನ್ನು, ಹೇಳುವಾಗ ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಮಕ್ಕಳನ್ನು ಪೈಲಟ್ ಮಾಡಬೇಕು ಅಂತಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರೂ ಓದಲಿ ಅನ್ನೋದು ನನ್ನ ಆಸೆ.

ಅಡ್ಡಗಾಳಿಯಲ್ಲಿ, ಅಂದರೆ ರನ್‌ವೇಗೆ ಪಕ್ಕದಿಂದ ಬೀಸುವ ಗಾಳಿಯಲ್ಲಿ, ಇಳಿಯುವಾಗ ಆಗುವ ಅಪಘಾತಗಳಲ್ಲಿ ಜೀವ ಹೋಗುವುದು ಕಮ್ಮಿ. ಆ ಹೊತ್ತಿಗೆ ವೇಗ ಇಳಿದಿರುತ್ತದೆ, ನೆಲ ಹತ್ತಿರವಿರುತ್ತದೆ. ಹಾಗಾಗಿ ಪೇಪರಿನಲ್ಲಿ ಎರಡು ಸಾಲು ಬಂದರೆ ಹೆಚ್ಚು. ಆದರೆ ತರಬೇತಿ ವಿಮಾನಗಳ ಲೋಕದಲ್ಲಿ ಇದು ಪದೇ ಪದೇ ಆಗುವ ಕಥೆ. ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಇಂಜಿನ್ ಬಿಚ್ಚಿ ನೋಡಲೇಬೇಕು. ವಿಮಾನ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೂರುತ್ತದೆ. ಉಳಿದ ಮಕ್ಕಳ ಹಾರಾಟವೂ ಹಿಂದೆ ಬೀಳುತ್ತದೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಲಕ್ಷಗಳನ್ನು ಹತ್ತರ ಲೆಕ್ಕದಲ್ಲಿ ಸುರಿಯಬೇಕು. ಸಕಲೇಶಪುರ, ಮೂಡಿಗೆರೆ ಕಡೆ ತೋಟ ಅಡವಿಟ್ಟು ಮಕ್ಕಳನ್ನು ಕಳಿಸಿದ ಮನೆಗಳಿವೆ. ಆ ಹುಡುಗನಿಗೆ ಏನೂ ಆಗಿಲ್ಲ ಅಂದೆನಲ್ಲ, ಅದು ಮೈಗೆ ಮಾತ್ರ. ಅವನು ರಾತ್ರಿ ನಿದ್ದೆ ಮಾಡುತ್ತಿಲ್ಲ, ಮನೆಗೆ ಫೋನೂ ಮಾಡುತ್ತಿಲ್ಲ ಅಂತ ಇವಳು ಹೇಳಿದಳು. ಸ್ಕೂಲಿನವರು ಬೋರ್ಡಿಗೆ ಒಂದು ನೋಟಿಸ್ ಹಚ್ಚಿದರಂತೆ. 'ವಿದ್ಯಾರ್ಥಿಯ ತಪ್ಪು' ಅಂತ. ಅದನ್ನು ಕೇಳಿ ನನಗೆ ಸಿಟ್ಟು ಬಂತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆ ಹದಿನೈದರ ವಿಷಯ.

ಸೆಸ್ನಾ 172 ನಮ್ಮ ತರಬೇತಿ ಶಾಲೆಗಳ ಬಡಪಾಯಿ ಎತ್ತು ಇದ್ದ ಹಾಗೆ. 1956ರಲ್ಲಿ ಬಂದ ಮಾದರಿ, 44,000ಕ್ಕೂ ಹೆಚ್ಚು ತಯಾರಾಗಿವೆ. ಈಗ ಹೆಚ್ಚಾಗಿ ಓಡಾಡುವ 172ಎಸ್ ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್ ಅಂತ ಬರೆದಿದೆ. ಗಂಟೆಗೆ ಸುಮಾರು 28 ಕಿಲೋಮೀಟರ್. ಅದಕ್ಕಿಂತ ಚಿಕ್ಕದಾದ ಸೆಸ್ನಾ 152ಕ್ಕೆ 12 ನಾಟ್. ಮಕ್ಕಳು ಇದನ್ನು ವಿಮಾನದ ಮಿತಿ ಅಂತ ಓದುತ್ತಾರೆ. ಹದಿನೈದರ ಒಳಗಿದ್ದರೆ ಕ್ಷೇಮ, ದಾಟಿದರೆ ಅಪಾಯ ಅಂತ. ಅಲ್ಲಿರುವ ಮಾತು ಬೇರೆ. ಕಂಪನಿಯ ಪೈಲಟ್ ಪರೀಕ್ಷೆಯ ವೇಳೆ ಇಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ, ಅಷ್ಟೆ. ಆ ಪೈಲಟ್ ಸಾವಿರಾರು ಗಂಟೆ ಹಾರಿದವರು. ಮೂವತ್ತು ಗಂಟೆ ಹಾರಿದ ಹುಡುಗನಿಗೆ ಆ ಸಂಖ್ಯೆ ಏನನ್ನೂ ಭರವಸೆ ಕೊಡುವುದಿಲ್ಲ.

ದೊಡ್ಡವರಲ್ಲೂ ಈ ಗೊಂದಲ ಇದೆ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಿರುಗಾಳಿ ಎದ್ದಿತ್ತು. ಲುಫ್ತಾನ್ಸಾದ ಒಂದು ಏರ್‌ಬಸ್ ಎ320 ಇಳಿಯಲು ಬಂದಾಗ ಅದರ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ತಕ್ಷಣ ಮತ್ತೆ ಮೇಲೆದ್ದು, ಸುತ್ತು ಹಾಕಿ ಬಂದು ಕ್ಷೇಮವಾಗಿ ಇಳಿಸಿದರು. ತನಿಖೆ ಮಾಡಿದವರು ಎತ್ತಿದ ಮಾತುಗಳಲ್ಲಿ ಇದೂ ಒಂದು. 'ಇಳಿಸಿ ತೋರಿಸಿದ ಅಡ್ಡಗಾಳಿ' ಅನ್ನುವುದನ್ನು ಕೆಲವು ಪೈಲಟ್‌ಗಳು ಮಿತಿ ಅಂತ, ಕೆಲವರು ಸುಮ್ನೆ ಮಾಹಿತಿ ಅಂತ ತಿಳಿದುಕೊಂಡಿದ್ದರು. ವಿಮಾನ ಕಂಪನಿಯ ಪೈಲಟ್‌ಗಳ ಪಾಡೇ ಹೀಗಿದ್ದರೆ ಕಲಿಯುವ ಮಕ್ಕಳನ್ನು ಏನು ಅನ್ನೋಣ?

ಇನ್ನು ಟವರ್‌ನವರು ಕೊಟ್ಟ ಹತ್ತು ನಾಟ್. ಅದು ಸರಾಸರಿ. ಇಳಿಯುವ ವಿಮಾನಕ್ಕೆ ಹೇಳುವ ಗಾಳಿ ಎರಡು ನಿಮಿಷದ ಸರಾಸರಿ. ಹವಾಮಾನ ವರದಿಯಲ್ಲಿ ಬರುವುದು ಹತ್ತು ನಿಮಿಷದ್ದು. ಆ ವರದಿಯಲ್ಲಿ ಗಾಳಿಯ ರಭಸ ಸರಾಸರಿಗಿಂತ ಹತ್ತು ನಾಟ್ ಜಾಸ್ತಿ ಏರಿದರೆ ಮಾತ್ರ ಅದನ್ನು ಬೇರೆಯಾಗಿ ಬರೆಯುತ್ತಾರೆ. ಅಂದರೆ ಹತ್ತು ನಾಟ್ ಅಂತ ಇರುವ ಗಾಳಿ ನಡುವೆ ಹದಿನೆಂಟಕ್ಕೆ ಏರಿ ಇಳಿದಿದ್ದರೂ ವರದಿಯಲ್ಲಿ ಹತ್ತು ಅಂತಲೇ ಇರಬಹುದು. ಜೊತೆಗೆ ಅದನ್ನು ಅಳೆಯುವುದು ನೆಲದಿಂದ ಹತ್ತು ಮೀಟರ್ ಎತ್ತರದ ಕಂಬದ ಮೇಲೆ, ವಿಮಾನ ನೆಲ ಮುಟ್ಟುವ ಜಾಗದಿಂದ ದೂರದಲ್ಲಿ. ಹ್ಯಾಂಗರಿನ ಮರೆ ದಾಟಿದ ಕೂಡಲೇ, ಮರಗಳ ಸಾಲು ಮುಗಿದ ಕೂಡಲೇ ಗಾಳಿ ಬೇರೆಯೇ ಆಗಿರುತ್ತದೆ. ಮುಳ್ಳಯ್ಯನಗಿರಿ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಇದು ಗೊತ್ತು. ತಿರುವಿನ ಈ ಕಡೆ ಎಲೆ ಅಲ್ಲಾಡುವುದಿಲ್ಲ, ಆ ಕಡೆ ಕಾಲಿಟ್ಟರೆ ಬೈಕೇ ವಾಲುತ್ತದೆ.

ಒಂದು ಲೆಕ್ಕ ನೋಡೋಣ. ಮೈಸೂರಿನ ಮಂಡಕಳ್ಳಿ ರನ್‌ವೇ ಪೂರ್ವ-ಪಶ್ಚಿಮಕ್ಕಿದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಅದು ರನ್‌ವೇ 27, ಅಂದರೆ ದಿಕ್ಸೂಚಿಯಲ್ಲಿ ಸುಮಾರು 270 ಡಿಗ್ರಿ. ಮುಂಗಾರಿನ ಗಾಳಿ ನೈಋತ್ಯದಿಂದ, 230 ಡಿಗ್ರಿಯಿಂದ, 20 ನಾಟ್ ಬೀಸುತ್ತಿದೆ ಅಂತಿಟ್ಟುಕೊಳ್ಳಿ. ರನ್‌ವೇಗೂ ಗಾಳಿಗೂ 40 ಡಿಗ್ರಿ ವ್ಯತ್ಯಾಸ. ಅಡ್ಡಕ್ಕೆ ತಳ್ಳುವ ಪಾಲು ಸುಮಾರು 13 ನಾಟ್. ಕೈಪಿಡಿಯ ಒಳಗೇ ಇದೆ. ಅದೇ ಗಾಳಿ ಒಂದು ಕ್ಷಣ 26ಕ್ಕೆ ಏರಿದರೆ ಅಡ್ಡಪಾಲು 17ರ ಹತ್ತಿರ. ಕೈಪಿಡಿಯ ಹೊರಗೆ. ಇದು ಟವರ್ ಹೇಳಿ ಮುಗಿಸುವಷ್ಟರಲ್ಲಿ ಆಗಿಹೋಗುತ್ತದೆ.

ಇಂಥ ಗಾಳಿಯಲ್ಲಿ ನೇರವಾಗಿ ಬರುವುದು ಹೇಗೆ? ಮಳೆಗಾಲದಲ್ಲಿ ಹೇಮಾವತಿ ದಾಟಿಸುವ ದೋಣಿಯವನನ್ನು ನೆನೆಸಿಕೊಳ್ಳಿ. ಆಚೆ ದಡದ ಕಟ್ಟೆಗೆ ಹೋಗಬೇಕಾದರೆ ಅವನು ಮೂತಿಯನ್ನು ಕಟ್ಟೆಗೆ ಹಿಡಿಯುವುದಿಲ್ಲ. ಸೆಳವಿಗೆ ಎದುರಾಗಿ, ಸ್ವಲ್ಪ ಮೇಲಕ್ಕೆ ಹಿಡಿಯುತ್ತಾನೆ. ದೋಣಿ ಓರೆಯಾಗಿ ನಿಂತು ನೇರವಾಗಿ ಸಾಗುತ್ತದೆ. ವಿಮಾನದಲ್ಲೂ ಹಾಗೇ. 65 ನಾಟ್ ವೇಗದಲ್ಲಿ ಬರುವ ಸೆಸ್ನಾ 13 ನಾಟ್ ಅಡ್ಡಗಾಳಿಗೆ ಮೂತಿಯನ್ನು ಹನ್ನೊಂದು ಹನ್ನೆರಡು ಡಿಗ್ರಿ ಗಾಳಿಯ ಕಡೆ ತಿರುಗಿಸಿಕೊಂಡು ಬರಬೇಕು. ಕಾಕ್‌ಪಿಟ್‌ನಿಂದ ನೋಡಿದರೆ ರನ್‌ವೇ ಎದುರಿಗಿಲ್ಲ, ಪಕ್ಕದ ಗಾಜಿನ ಕಡೆ ಸರಿದಿದೆ. ಮೊದಲ ಸಲ ನೋಡಿದ ಮಕ್ಕಳು ಗಾಬರಿಯಾಗುತ್ತಾರೆ. ಇದಕ್ಕೆ ಕ್ರ್ಯಾಬ್ ಅನ್ನುತ್ತಾರೆ. ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ.

ಕಷ್ಟ ಶುರುವಾಗುವುದು ಕೊನೆಯ ಹತ್ತಡಿಯಲ್ಲಿ. ದೋಣಿ ಓರೆಯಾಗಿಯೇ ದಡಕ್ಕೆ ತಾಗಬಹುದು, ವಿಮಾನದ ಚಕ್ರಕ್ಕೆ ಅದು ಆಗದು. ಚಕ್ರ ಉರುಳುವುದು ಒಂದೇ ದಿಕ್ಕಿಗೆ. ಓರೆಯಾಗಿ ತಾಗಿದರೆ ಟಯರ್ ಕಿರುಚುತ್ತದೆ, ಕಾಲು ತಿರುಚುತ್ತದೆ, ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ನೆಲ ಮುಟ್ಟುವ ಮುಂಚೆ ರಡ್ಡರ್, ಅಂದರೆ ಬಾಲದ ಹಲಗೆಯನ್ನು ತಿರುಗಿಸುವ ಕಾಲಿನ ಪೆಡಲ್, ಒತ್ತಿ ಮೂತಿಯನ್ನು ನೇರ ಮಾಡಬೇಕು. ನೇರ ಮಾಡಿದ ಒಂದೆರಡು ಸೆಕೆಂಡಿಗೆ ಗಾಳಿ ವಿಮಾನವನ್ನು ರನ್‌ವೇಯಿಂದ ಆಚೆ ತಳ್ಳಲು ಶುರು ಮಾಡುತ್ತದೆ. ಅದನ್ನು ತಡೆಯಲು ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಬೇಕು. ಎಡಗಾಳಿಯಾದರೆ ಎಡ ರೆಕ್ಕೆ ಕೆಳಗೆ, ಬಲಗಾಲು ರಡ್ಡರ್ ಮೇಲೆ. ಎಡಕ್ಕೆ ವಾಲಿಕೊಂಡೇ, ಬಲಕ್ಕೆ ಒತ್ತಿಕೊಂಡೇ, ಮೊದಲು ಎಡಚಕ್ರ ಒಂದನ್ನೇ ನೆಲಕ್ಕೆ ತಾಗಿಸಬೇಕು. ಆಮೇಲೆ ಬಲಚಕ್ರ. ಕೊನೆಗೆ ಮುಂದಿನದು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ. ಅಷ್ಟು ದಿನ ತಿರುವುಗಳಲ್ಲಿ ಕೈಕಾಲು ಒಂದೇ ಕಡೆಗೆ ಹೋಗಬೇಕು ಅಂತ ಕಲಿಸಿರುತ್ತೇವೆ. ಇಲ್ಲಿ ಬಂದು ತದ್ವಿರುದ್ಧ ಮಾಡು ಅನ್ನುತ್ತೇವೆ. ಮೈ ಒಪ್ಪುವುದಿಲ್ಲ. ಕಲಿಯಲು ಹೊತ್ತು ಬೇಕು.

ಈ ಹತ್ತಡಿಯಲ್ಲಿ ಮಕ್ಕಳು ಎಡವುವ ಜಾಗಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ. ಕೆಲವರು ಮೂತಿಯನ್ನು ಬೇಗ ನೇರ ಮಾಡಿಬಿಡುತ್ತಾರೆ. ನೆಲ ಇನ್ನೂ ಕೆಳಗಿದೆ, ಅಷ್ಟರಲ್ಲಿ ವಿಮಾನ ಸೆಂಟರ್‌ಲೈನ್ ಬಿಟ್ಟಾಗಿರುತ್ತದೆ. ಮಂಡಕಳ್ಳಿ ರನ್‌ವೇ ಅಗಲ 30 ಮೀಟರ್. ನಡುಗೆರೆಯಿಂದ ಅಂಚಿಗೆ 15. ಕಳೆದುಕೊಳ್ಳಲು ಜಾಗ ಜಾಸ್ತಿ ಇಲ್ಲ. ಇನ್ನು ಕೆಲವರು ಗಾಳಿಗೆ ಹೆದರಿ ಹತ್ತು ಹದಿನೈದು ನಾಟ್ ಜಾಸ್ತಿ ವೇಗ ಇಟ್ಟುಕೊಂಡು ಬರುತ್ತಾರೆ. ಗಾಳಿಯ ಏರಿಳಿತದ ಅರ್ಧ ಸೇರಿಸಿದರೆ ಸಾಕು. ಇಪ್ಪತ್ತರಿಂದ ಇಪ್ಪತ್ತಾರಕ್ಕೆ ಏರುತ್ತಿದ್ದರೆ ಮೂರೇ ನಾಟ್. ಜಾಸ್ತಿ ವೇಗ ಇದ್ದರೆ ವಿಮಾನ ನೆಲ ಮುಟ್ಟದೆ ತೇಲುತ್ತಾ ಹೋಗುತ್ತದೆ. ತೇಲಿದಷ್ಟು ಹೊತ್ತೂ ಗಾಳಿ ತಳ್ಳುತ್ತದೆ. ನಮ್ಮ ಹಾಸನದ ಹಾಗೆ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಕಡೆ ವೇಗದ ಮೀಟರ್ ಅಷ್ಟೇ ತೋರಿಸಿದರೂ ನೆಲದ ಮೇಲಿನ ವೇಗ ಇನ್ನಷ್ಟು ಜಾಸ್ತಿ ಇರುತ್ತದೆ. ತಾಳ್ಮೆ ಕೆಟ್ಟ ಹುಡುಗ ಮೂತಿ ಒತ್ತಿ ವಿಮಾನವನ್ನು ನೆಲಕ್ಕೆ ಕೂರಿಸಲು ನೋಡುತ್ತಾನೆ. ಮುಂದಿನ ಚಕ್ರ ಮೊದಲು ಬಡಿಯುತ್ತದೆ. ವಿಮಾನ ಪುಟಿಯುತ್ತದೆ. ಅವನು ಮತ್ತೆ ಒತ್ತುತ್ತಾನೆ. ಒಂದೊಂದು ಪುಟಿತವೂ ಹಿಂದಿನದಕ್ಕಿಂತ ಕೆಟ್ಟದಾಗುತ್ತದೆ. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಒಂದಡಿ ಅಂತರವೂ ಇಲ್ಲ.

ಆದರೆ ಆ ಫೋಟೋದಲ್ಲಿದ್ದ ಹುಡುಗ ಇದೆಲ್ಲವನ್ನೂ ಸರಿಯಾಗೇ ಮಾಡಿದ್ದನಂತೆ. ಮೆತ್ತಗೆ ಇಳಿಸಿದ್ದ. ಟವರ್‌ನಿಂದ ನೋಡಿದವರೂ ಚೆನ್ನಾಗಿ ಇಳಿಸಿದ ಅಂತಲೇ ಅಂದುಕೊಂಡರಂತೆ. ಮೂರೂ ಚಕ್ರ ನೆಲದ ಮೇಲಿದ್ದವು. ವಿಮಾನ ಓಡುತ್ತಿತ್ತು. ಆಮೇಲೆ ಎಡಕ್ಕೆ ಎಳೆಯಿತು.

"ಆಗ ಅವನು ಕೈ ಏನು ಮಾಡಿದ?" ಅಂತ ಕೇಳಿದೆ.

ಅವಳು ಸ್ವಲ್ಪ ಯೋಚನೆ ಮಾಡಿದಳು. "ಎಡಕ್ಕೆ ಹೋಗ್ತಿತ್ತಲ್ಲ ಮಾವ, ಬಲಕ್ಕೆ ತಿರುಗಿಸಿದೆ ಅಂದ."

ಅಲ್ಲೇ ಇರುವುದು ವಿಷಯ. ಸೆಸ್ನಾದ ಯೋಕ್ ನೋಡಲು ಕಾರಿನ ಸ್ಟೀರಿಂಗ್ ತರಹವೇ ಇದೆ. ಆದರೆ ನೆಲದ ಮೇಲೆ ವಿಮಾನವನ್ನು ತಿರುಗಿಸುವುದು ಕಾಲು. ಯೋಕ್ ತಿರುಗಿಸಿದರೆ ಅಲ್ಲಾಡುವುದು ರೆಕ್ಕೆಯ ತುದಿಯ ಹಿಂಬದಿಯಲ್ಲಿರುವ ಏಲರಾನ್ ಅನ್ನುವ ಪಟ್ಟಿ. ಚಕ್ರ ನೆಲ ಮುಟ್ಟಿದರೂ ರೆಕ್ಕೆ ಇನ್ನೂ ಕೆಲಸ ಮಾಡುತ್ತಿರುತ್ತದೆ. ಐವತ್ತು ನಾಟ್‌ನಲ್ಲಿ ಓಡುವ ವಿಮಾನದ ಭಾರ ಪೂರ್ತಿ ಚಕ್ರದ ಮೇಲೆ ಬಂದಿರುವುದಿಲ್ಲ. ಬಾಲದ ಮೇಲಿನ ಎತ್ತರದ ಹಲಗೆಗೆ ಪಕ್ಕದಿಂದ ಗಾಳಿ ಬಡಿದು ಮೂತಿ ಗಾಳಿಯ ಕಡೆಗೇ ತಿರುಗುತ್ತದೆ. ಎಡಗಾಳಿಗೆ ಎಡಕ್ಕೆ. ಹುಡುಗ ಕಾರಿನ ಅಭ್ಯಾಸದಲ್ಲಿ ಯೋಕನ್ನು ಬಲಕ್ಕೆ ತಿರುಗಿಸುತ್ತಾನೆ. ಅದರಿಂದ ಎಡ ರೆಕ್ಕೆ ಏಳುತ್ತದೆ. ಎದ್ದ ರೆಕ್ಕೆಯ ಅಡಿಗೆ ಗಾಳಿ ನುಗ್ಗುತ್ತದೆ. ಎಡಚಕ್ರ ಹಗುರಾಗುತ್ತದೆ. ಬ್ರೇಕ್ ಒತ್ತಿದರೂ ಹಿಡಿಯುವುದು ಒಂದೇ ಕಡೆ. ವಿಮಾನ ಹುಲ್ಲಿಗೆ ಹೋಗುತ್ತದೆ. ಮಾಡಬೇಕಾಗಿದ್ದದ್ದು ಬಲಗಾಲಿನಿಂದ ರಡ್ಡರ್ ಒತ್ತಿ ನೇರ ಹಿಡಿಯುವುದು, ಯೋಕನ್ನು ಗಾಳಿಯ ಕಡೆಗೆ, ಎಡಕ್ಕೇ, ವೇಗ ಇಳಿದ ಹಾಗೆಲ್ಲ ಇನ್ನಷ್ಟು ತಿರುಗಿಸುತ್ತಾ ಕೊನೆಗೆ ಪೂರ್ತಿ ತಿರುಗಿಸಿ ಇಟ್ಟುಕೊಳ್ಳುವುದು. ವೇಗ ಕಮ್ಮಿಯಾದಷ್ಟೂ ಏಲರಾನಿನ ಬಲ ಕಮ್ಮಿ, ಹಾಗಾಗಿ ಜಾಸ್ತಿ ಬೇಕು.

ಇದು ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಬರೆಯುತ್ತಾರೆ. ಆದರೆ ಚಕ್ರ ನೆಲ ಮುಟ್ಟಿದ ಆ ಕ್ಷಣದಲ್ಲಿ ಒಂದು ನಿರಾಳ ಬರುತ್ತದೆ, ಅಬ್ಬಾ ಇಳಿಯಿತು ಅಂತ. ಕೈ ಸಡಿಲವಾಗುತ್ತದೆ. ಯೋಕ್ ನಡುವಿಗೆ ಬರುತ್ತದೆ. ಅಡ್ಡಗಾಳಿ ಅಪಘಾತಗಳಲ್ಲಿ ದೊಡ್ಡ ಪಾಲು ಈ ನಿರಾಳದ ಮೇಲೇ ಆಗುತ್ತದೆ ಅನ್ನೋದು ನನ್ನ ಅನುಭವ.

ಹಿಂದೆ ಇದು ಇನ್ನೂ ಕಷ್ಟವಾಗಿತ್ತು. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಅದರಲ್ಲೇ ಕಲಿತರು. ಅದರ ಮೂರನೇ ಚಕ್ರ ಬಾಲದ ಅಡಿಯಲ್ಲಿತ್ತು. ಭಾರ ಮುಖ್ಯ ಚಕ್ರಗಳ ಹಿಂದೆ. ಸ್ವಲ್ಪ ತಿರುಗಿದರೆ ಬಾಲ ಮುಂದಕ್ಕೆ ನುಗ್ಗಿ ವಿಮಾನ ಗಿರ್ರನೆ ಸುತ್ತಿಬಿಡುತ್ತಿತ್ತು. ಅದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಪುಷ್ಪಕ್‌ನಲ್ಲಿ ಕಲಿತ ಹಳಬರ ಕಾಲು ನಿಲ್ಲುವವರೆಗೂ ರಡ್ಡರ್ ಮೇಲೆ ಆಡುತ್ತಲೇ ಇರುತ್ತಿತ್ತು. ಬೇರೆ ದಾರಿ ಇರಲಿಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಹಂಸ ಮೂತಿಯಡಿ ಚಕ್ರವಿರುವ ವಿಮಾನ. ಮೂತಿಚಕ್ರ ಬಂದ ಮೇಲೆ ಬಹಳಷ್ಟು ತಪ್ಪನ್ನು ವಿಮಾನವೇ ಕ್ಷಮಿಸುತ್ತದೆ. ಅದರಿಂದ ಒಳ್ಳೆಯದಾಗಿದೆ. ಕಾಲು ಸೋಮಾರಿಯಾಗಿರುವುದೂ ನಿಜ. ಅಂದಹಾಗೆ ಅಮೆರಿಕದ ಬಿ-52 ಬಾಂಬರಿನಲ್ಲಿ ಚಕ್ರಗಳನ್ನೇ ಓರೆಗೆ ತಿರುಗಿಸಿಕೊಳ್ಳಬಹುದು. ಮೂತಿ ಒಂದು ಕಡೆ ಇಟ್ಟುಕೊಂಡು ರನ್‌ವೇ ಮೇಲೆ ನೇರ ಓಡುತ್ತದೆ. ನೋಡಲು ಬಲು ಚೆಂದ. ನಮ್ಮ ಮಕ್ಕಳಿಗೆ ಆ ಸೌಕರ್ಯ ಇಲ್ಲ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಇವಳನ್ನು ಕೇಳಿದೆ, ಆ ಹುಡುಗ ಸೋಲೋಗೆ ಮೊದಲು ಅಡ್ಡಗಾಳಿಯಲ್ಲಿ ಎಷ್ಟು ಸಲ ಇಳಿಸಿದ್ದ ಅಂತ. ಅವಳಿಗೆ ಗೊತ್ತಿರಲಿಲ್ಲ. "ನಮಗೆ ಡ್ಯುಯಲ್ ಎಲ್ಲ ಬೆಳಿಗ್ಗೆ ಮಾವ. ಆರು ಗಂಟೆಗೆ ಶುರು. ಒಂಬತ್ತಕ್ಕೆ ಮುಗಿಯುತ್ತೆ" ಅಂದಳು. ಡ್ಯುಯಲ್ ಅಂದರೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಹೇಳುವ ಪಾಠ. ಅವಳಿಗೆ ಹೇಳುವಾಗ ಅದು ಒಳ್ಳೆಯ ವಿಷಯ ಅಂತಲೇ ಇತ್ತು.

ಬೆಳಿಗ್ಗೆ ಆರಕ್ಕೆ ಗಾಳಿ ಮಲಗಿರುತ್ತದೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ, ವಿಂಡ್‌ಸಾಕ್, ಕಂಬಕ್ಕೆ ಒರಗಿ ನೇತಾಡುತ್ತಿರುತ್ತದೆ. ಬಿಸಿಲೇರಿ ನೆಲ ಕಾದು, ಮೇಲಿನ ಗಾಳಿ ಕೆಳಕ್ಕೆ ಬೆರೆಯಲು ಶುರುವಾದಾಗ, ಹತ್ತು ಹನ್ನೊಂದರ ಮೇಲೆ ಅದು ಏಳುತ್ತದೆ. ಮೊದಲ ಪಾಠಗಳಿಗೆ, ಮೊದಲ ಸೋಲೋಗೆ ಬೆಳಗಿನ ಹೊತ್ತೇ ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಮಾನ ನಾಲ್ಕು, ವಿದ್ಯಾರ್ಥಿಗಳು ಐವತ್ತು ಅಂತಾದಾಗ ಏನಾಗುತ್ತದೆ ನೋಡಿ. ಇನ್‌ಸ್ಟ್ರಕ್ಟರ್ ಜೊತೆಗಿರುವ ಪಾಠ ಎಲ್ಲ ಬೆಳಿಗ್ಗೆಗೆ ಹೋಗುತ್ತದೆ. ಸೋಲೋ ಆದ ಮಕ್ಕಳಿಗೆ ಉಳಿಯುವುದು ಹನ್ನೊಂದರ ಮೇಲಿನ ಸಮಯ. ಅಂದರೆ ಗಾಳಿಯೇ ಇಲ್ಲದಾಗ ಪಕ್ಕದಲ್ಲಿ ಗುರು ಇರುತ್ತಾರೆ. ಗಾಳಿ ಎದ್ದಾಗ ಹುಡುಗ ಒಬ್ಬನೇ ಇರುತ್ತಾನೆ. ಅವನು ಅಡ್ಡಗಾಳಿಯನ್ನು ನಿಜವಾಗಿ ಎದುರಿಸುವುದು ಒಂಟಿಯಾಗಿ. ಆಮೇಲೆ ಬೋರ್ಡಿನ ಮೇಲೆ 'ವಿದ್ಯಾರ್ಥಿಯ ತಪ್ಪು'.

ಇನ್ನೊಂದು ಸೂಕ್ಷ್ಮ ಇದೆ. ಡ್ಯುಯಲ್‌ನಲ್ಲಿ ಸ್ವಲ್ಪ ಗಾಳಿ ಇದ್ದರೂ ಎಷ್ಟೋ ಇನ್‌ಸ್ಟ್ರಕ್ಟರ್‌ಗಳ ಕಾಲು ತಾನಾಗೇ ರಡ್ಡರ್ ಒತ್ತಿರುತ್ತದೆ. ಬೇಕೆಂದು ಮಾಡುವುದಲ್ಲ, ವರ್ಷಗಳ ಅಭ್ಯಾಸ. ವಿಮಾನ ನೇರವಾಗಿ ಕೂರುತ್ತದೆ. ಹುಡುಗ ತಾನೇ ಇಳಿಸಿದೆ ಅಂದುಕೊಳ್ಳುತ್ತಾನೆ. ಲಾಗ್‌ಬುಕ್ಕಿನಲ್ಲೂ ಹಾಗೇ ಬರುತ್ತದೆ. ಒಂಟಿಯಾದ ದಿನ ಆ ಇನ್ನೊಂದು ಕಾಲು ಇರುವುದಿಲ್ಲ. ಇನ್‌ಸ್ಟ್ರಕ್ಟರ್ ಇಳಿದುಹೋದದ್ದಕ್ಕೆ ವಿಮಾನವೂ ಹಗುರವಾಗಿ ಇನ್ನೂ ಸ್ವಲ್ಪ ಜಾಸ್ತಿ ತೇಲುತ್ತದೆ. ಅದಕ್ಕೇ ನಾನು ಎರಡೂ ಪಾದ ಎತ್ತಿ ಹಿಂದಕ್ಕೆ ಇಟ್ಟುಕೊಂಡು, ಇಲ್ಲಿ ನೋಡು ಅಂತ ತೋರಿಸಿ ಕೂರುತ್ತಿದ್ದೆ. ತೋರಿಸಿದ ಕೂಡಲೇ ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು.

ಇದನ್ನು ಕಲಿಸಲು ಒಂದು ಒಳ್ಳೆಯ ಪಾಠ ಇದೆ. ಹಳೆಯದು. ಉದ್ದನೆಯ ರನ್‌ವೇ, ಮಿತವಾದ ಅಡ್ಡಗಾಳಿ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಬೇಕು. ಇಳಿಯಬಾರದು. ಸ್ವಲ್ಪ ಥ್ರಾಟಲ್, ಅಂದರೆ ಇಂಜಿನ್ನಿನ ಬಲ, ಇಟ್ಟುಕೊಂಡು ರನ್‌ವೇಯಿಂದ ಕೆಲವು ಅಡಿ ಮೇಲೆ, ರೆಕ್ಕೆ ತಗ್ಗಿಸಿ, ಮೂತಿ ನೇರ ಹಿಡಿದು, ಸೆಂಟರ್‌ಲೈನಿನ ಮೇಲೆ ಹಾಗೇ ಹಾರುತ್ತಾ ಹೋಗಬೇಕು. ರನ್‌ವೇ ಮುಗಿಯುವ ಮೊದಲೇ ಮೇಲೇಳಬೇಕು. ಸಾಮಾನ್ಯ ಲ್ಯಾಂಡಿಂಗ್‌ನಲ್ಲಿ ಈ ಹದ ಮೂರ್ನಾಲ್ಕು ಸೆಕೆಂಡಿಗೆ ಮುಗಿದುಹೋಗುತ್ತದೆ. ಕಲಿಯಲು ಸಮಯವೇ ಸಿಗದು. ಇಲ್ಲಿ ಅರ್ಧ ನಿಮಿಷ ಸಿಗುತ್ತದೆ. ಕಾಲಿಗೆ ಬಿಗಿ ಎಷ್ಟು ಬೇಕು, ರೆಕ್ಕೆ ಎಷ್ಟು ತಗ್ಗಬೇಕು ಅಂತ ಮೈಗೆ ತಿಳಿಯುತ್ತದೆ. ಕಣ್ಣು ಮೂತಿಯ ಮುಂದೆ ನೆಡಬಾರದು, ರನ್‌ವೇಯ ಆ ತುದಿಗೆ ಹೋಗಬೇಕು. ಹತ್ತಿರ ನೋಡಿದರೆ ಸರಿಯುತ್ತಿರುವುದು ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಖರ್ಚು, ಹೊತ್ತು ಹಾಳು ಅಂತ ಈ ಪಾಠವನ್ನು ಬಿಡುವವರು ಬಹಳ. ಒಂದು ಪ್ರೊಪೆಲ್ಲರಿನ ಬೆಲೆ ಮುಂದೆ ಅದು ಯಾವ ಲೆಕ್ಕ?

ಎರಡನೆಯದು ಗೋ-ಅರೌಂಡ್. ಸರಿ ಕಾಣದಿದ್ದರೆ ಇಳಿಯದೆ ಮತ್ತೆ ಮೇಲೇಳುವುದು. ಹೇಳಲು ಸುಲಭ. ಇಲ್ಲೂ ಒಂದು ತೊಡಕಿದೆ, ಅದೂ ನಮ್ಮ ಮುಂಗಾರಿಗೆ ಹೊಂದುವಂಥದ್ದು. ಸೆಸ್ನಾದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಮೂತಿ ಏಳುತ್ತದೆ, ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ತಿರುಗುವ ರೀತಿಯಿಂದ ಹಾಗೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವಾಗ ನೈಋತ್ಯದ ಗಾಳಿಯೂ ಎಡದಿಂದಲೇ. ಚಕ್ರ ನೆಲಕ್ಕೆ ತಾಗಿದ್ದಾಗ ಅಥವಾ ಪುಟಿದಾಗ ಥ್ರಾಟಲ್ ಕೊಟ್ಟರೆ ಎರಡೂ ಸೇರಿ ಎಡಕ್ಕೆ ಸೆಳೆಯುತ್ತವೆ. ಬಲಗಾಲು ಗಟ್ಟಿಯಾಗಿ ಒತ್ತಬೇಕು, ಮೂತಿಯನ್ನು ಹದದಲ್ಲಿ ಹಿಡಿಯಬೇಕು, ಇಳಿಯುವಾಗ ರೆಕ್ಕೆಯ ಹಿಂದೆ ತಗ್ಗಿಸಿಕೊಂಡ ಫ್ಲ್ಯಾಪ್ ಪಟ್ಟಿಗಳನ್ನು ಒಮ್ಮೆಲೇ ಎತ್ತದೆ 20 ಡಿಗ್ರಿಗೆ ತಂದು ಆಮೇಲೆ ನಿಧಾನಕ್ಕೆ ಎತ್ತಬೇಕು. ಇದನ್ನು ಮೇಲೆ ಮೂರು ಸಾವಿರ ಅಡಿಯಲ್ಲಿ ಮಾಡಿಸಿ ಮುಗಿಸಿದರೆ ಸಾಲದು. ನೆಲದ ಹತ್ತಿರ, ಗಾಳಿಯಲ್ಲಿ, ಮತ್ತೆ ಮತ್ತೆ ಮಾಡಿಸಬೇಕು.

ಕೈಗಿಂತ ಮನಸ್ಸಿನ ತೊಡಕು ದೊಡ್ಡದು. ಗೋ-ಅರೌಂಡ್ ಮಾಡಿದ ಹುಡುಗನನ್ನು ನೋಡಿ ಕ್ಯಾಂಟೀನಿನಲ್ಲಿ ನಗುತ್ತಾರೆ. ಇಳಿಸೋಕೆ ಬರಲಿಲ್ಲ ಅಂತಾರೆ. ಮಂಗಳೂರಿನಲ್ಲಿ 2010ರ ಮೇ 22ರಂದು ಏನಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶಿರಾಡಿ ಘಾಟಿ ಇಳಿದರೆ ಮಂಗಳೂರು. 158 ಜನ ಹೋದರು. ಅಲ್ಲಿ ಅಡ್ಡಗಾಳಿ ಇರಲಿಲ್ಲ, ವಿಮಾನವೂ ದೊಡ್ಡದು, ಪೈಲಟ್ ಅನುಭವಿ. ಆದರೂ ತನಿಖಾ ವರದಿಯಲ್ಲಿ ಒಂದು ಮಾತಿದೆ. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಅಂತ ಹೇಳಿದ್ದರು. ವಿಮಾನ ಇಳಿಯುತ್ತಲೇ ಹೋಯಿತು. ಮೇಲೇಳದೆ ಇಳಿದೇ ತೀರುವ ಆ ಅಭ್ಯಾಸ ಒಂದೇ ದಿನಕ್ಕೆ ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಮೇಲೆದ್ದು ಬಂದವನನ್ನು ನೋಡಿ ನಗುವ ಜಾಗದಲ್ಲಿ ಅದು ಶುರುವಾಗುತ್ತದೆ.

ನಮ್ಮ ಹಳ್ಳಿ ಮಕ್ಕಳಿಗೆ ಗಾಳಿ ಹೊಸದಲ್ಲ. ಇವಳ ತಾತ ಕಣದಲ್ಲಿ ರಾಗಿ ತೂರುವ ಮೊದಲು ಒಂದು ಹಿಡಿ ಹೊಟ್ಟು ಎಸೆದು ನೋಡುತ್ತಿದ್ದರು. ಗಾಳಿ ಯಾವ ಕಡೆಯದು, ನಿಲ್ಲುವ ಗಾಳಿಯೋ ಹೋಗುವ ಗಾಳಿಯೋ ಅಂತ. ಕಾಫಿ ತೋಟದ ಸಿಲ್ವರ್ ಓಕ್ ಮರಗಳು ಜೋರು ಗಾಳಿಗೆ ಎಲೆ ಮಗುಚಿ ಬೆಳ್ಳಗಾಗುತ್ತವೆ. ಮೇಲಿನಿಂದ ನೋಡಿದರೆ ಗಾಳಿಯ ರಭಸ ತೋಟದ ಮೇಲೆ ಬಿಳಿ ಪಟ್ಟೆಯಾಗಿ ಓಡುವುದು ಕಾಣುತ್ತದೆ. ನಮ್ಮ ಕೆರೆಗಳು ಇನ್ನೂ ಚೆನ್ನಾಗಿ ಹೇಳುತ್ತವೆ. ಗಾಳಿ ಬರುವ ಕಡೆಯ ದಡದ ಹತ್ತಿರ ನೀರು ಕನ್ನಡಿಯ ಹಾಗೆ ನಿಂತಿರುತ್ತದೆ, ಏರಿಯ ಅಥವಾ ಮರದ ಮರೆಯಿಂದ. ಅಲೆ ಇರುವುದು ಆಚೆ. ಪೈಲಟ್‌ಗಳು ನಿಜವಾಗಿ ಬಳಸುವ ಉಪಾಯ ಇದು. ಇಂಜಿನ್ ಕೆಟ್ಟು ಹೊಲದಲ್ಲಿ ಇಳಿಸಬೇಕಾಗಿ ಬಂದರೆ ಟವರ್ ಹೇಳುವುದಿಲ್ಲ, ಕೆರೆ ಹೇಳುತ್ತದೆ. ಇವಳಿಗೆ ಇದು ಗೊತ್ತಿರಲಿಲ್ಲ. ಮಾರನೇ ದಿನ ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಅರ್ಧ ಗಂಟೆ ಅಲ್ಲೇ ನಿಂತಳು. ಗಾಳಿ ಜೋರಾದಾಗ ನೀರಿನ ಮೇಲೆ ಕಪ್ಪನೆಯ ತೇಪೆ ಹರಡಿಕೊಂಡು ಬರುವುದನ್ನು ನೋಡಿ, "ಇದು ನಮ್ಮ ಹತ್ರ ಬರೋದಕ್ಕೆ ಎಷ್ಟು ಸೆಕೆಂಡ್ ಆಗುತ್ತೆ ಅಂತ ಎಣಿಸಬಹುದಲ್ವಾ ಮಾವ" ಅಂದಳು. ಅಷ್ಟು ನೋಡುವ ಕಣ್ಣು ಬಂದರೆ ಸಾಕು ಅನಿಸಿತು.

ಹಾಸನದಲ್ಲಿ ಈಗ ವಿಮಾನದ ಮಾತು ಜಾಸ್ತಿಯಾಗಿದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಇದೆ. 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು ನಮ್ಮ ಊರಿಂದ ನೋಡಿಕೊಳ್ಳುತ್ತಾರೆ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು. ಬೂವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ ನಿಂತು ನಿಂತು ವರ್ಷಗಳಿಂದ ಸಾಗಿದೆ. ಇದೆಲ್ಲ ನೋಡಿ ಮಕ್ಕಳಿಗೆ ಆಸೆ ಹುಟ್ಟುವುದು ಸಹಜ. ಆಸೆ ಪಡಲಿ. ತಿಂಗಳಿಗೊಬ್ಬರಾದರೂ ಮನೆಗೆ ಬಂದು, "ಯಾವ ಸ್ಕೂಲಿಗೆ ಹಾಕಬಹುದು ಸಾರ್" ಅಂತ ಕೇಳುತ್ತಾರೆ. ಸ್ಕೂಲಿನ ಹೆಸರು ನಾನು ಹೇಳುವುದಿಲ್ಲ. ಫೀಸು, ಹಾಸ್ಟೆಲ್, ಕೆಲಸ ಸಿಗುತ್ತಾ ಅನ್ನೋದನ್ನೆಲ್ಲ ಅವರೇ ಕೇಳಿಕೊಂಡು ಬಂದಿರುತ್ತಾರೆ. ಇನ್ನೊಂದಿಷ್ಟು ಕೇಳಿ ಅನ್ನುತ್ತೇನೆ. ಸೋಲೋ ಹೋಗುವ ಮಕ್ಕಳಿಗೆ ಅಡ್ಡಗಾಳಿಯ ಮಿತಿ ಎಷ್ಟು ನಾಟ್ ಇಟ್ಟಿದ್ದೀರಿ, ಅದು ಬರವಣಿಗೆಯಲ್ಲಿದೆಯಾ? ಮಧ್ಯಾಹ್ನದ ಗಾಳಿಯಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಗಂಟೆ ಕೊಡುತ್ತೀರಿ? ಗಾಳಿ ನೋಡಿ ಇವತ್ತು ಹಾರಲ್ಲ ಅಂತ ಹುಡುಗ ಹೇಳಿದರೆ ಅವನ ಸರದಿ ಹೋಗುತ್ತದಾ, ಉಳಿಯುತ್ತದಾ? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ.

ಅಕ್ಕನ ಮಗಳು ವಾಪಸ್ ಹೋದ ವಾರವೇ ತನ್ನ ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಮಧ್ಯಾಹ್ನದ ಡ್ಯುಯಲ್ ಕೇಳಿದ್ದಾಳೆ. ಅವರು ಮೊದಲು ಸ್ಲಾಟ್ ಇಲ್ಲ ಅಂದರಂತೆ. ಇವಳ ಜೊತೆ ಇನ್ನೂ ಕೆಲವರು ಹೋಗಿ ನಿಂತ ಮೇಲೆ ವಾರಕ್ಕೆ ಎರಡು ಮಧ್ಯಾಹ್ನ ಅಂತ ಒಪ್ಪಿದ್ದಾರೆ. ಆ ಹುಡುಗನ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿದ್ದಾರಂತೆ. ಮೊನ್ನೆ ಫೋನ್ ಮಾಡಿ, ಅವನು ಬಲಗಾಲು ನೋವು ಅಂತಿದ್ದಾನೆ ಅಂದಳು.